ಪಾಪಾಸುಕಳ್ಳಿ

'ಪಾಪಾಸು' ಎಂದರೆ ಪಾದರಕ್ಷೆ. ಪಾರ್ಸಿ ಭಾಷೆಯ 'ಪಾಪೋಶ್' (ಪಾ ಅಂದರೆ ಕಾಲು, ಪೋಶ್ ಅಂದರೆ ಹೊದಿಕೆ) ಕನ್ನಡಕ್ಕೆ ಬಂದು ಹೀಗಾಯಿತು. ಒಂದರ ಮೇಲೊಂದು ಹುಟ್ಟುವ ಚಪ್ಪಟೆ ಕಾಂಡಗಳನ್ನು ನೋಡಿ ನಮ್ಮವರು ಚಪ್ಪಲಿಯನ್ನೇ ನೆನೆದರು. ತಮಿಳರಿಗೂ ಹಾಗೇ ಕಂಡಿತು. ಪೋರ್ಚುಗೀಸರ 'ಸಪಾತು' ಹಿಡಿದು 'ಸಪ್ಪಾತ್ತುಕ್ಕಳ್ಳಿ' ಎಂದರು.

ಗಿಡವೂ ಪರದೇಶದ್ದೇ, ಅಮೆರಿಕ ಖಂಡದ್ದು. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕಲೆಂದು ಈಸ್ಟ್ ಇಂಡಿಯಾ ಕಂಪನಿ ಇದನ್ನು ಬೆಳೆಸಿತು. 1795ರಲ್ಲಿ ಬ್ರೆಜಿಲ್‌ನಿಂದ ಬಂದದ್ದು ಬೇರೆಯದೇ ಜಾತಿಯ ಹುಳು. ಬಣ್ಣ ಕಳಪೆ, ಆದರೆ ಗಿಡ ತಿನ್ನುವುದರಲ್ಲಿ ಮಾತ್ರ ಅದು ಗಟ್ಟಿಗ!

'ಕಳ್ಳಿ' ಇಲ್ಲಿಯ ಹಳೆಯ ಪದ. ಎಲೆಗಳ್ಳಿ, ಚದುರಗಳ್ಳಿ, ಮೊಂಡುಗಳ್ಳಿ ಇವೆಲ್ಲ ಗೀರಿದರೆ ಹಾಲು ಸುರಿಸುವ ಯುಫೋರ್ಬಿಯಾಗಳು. ಪಾಪಾಸುಕಳ್ಳಿ ಕ್ಯಾಕ್ಟಸ್, ಅದರಲ್ಲಿ ಬರುವುದು ಲೋಳೆ. ಮುಳ್ಳು ಏಳುವುದೂ ನವಿರಾದ ಮೆತ್ತೆಯಂಥ ಚುಕ್ಕೆಗಳಿಂದ.

ಕಸಿ ಕಟ್ಟುವವರು ಹೆಸರು ನಂಬಿದರೆ ಕೆಟ್ಟರು. ಚದುರಗಳ್ಳಿಯ ಮೇಲೆ ಕ್ಯಾಕ್ಟಸ್ ಕೂಡಿಕೊಳ್ಳುವುದಿಲ್ಲ, ಕುಟುಂಬವೇ ಬೇರೆ. ನರ್ಸರಿಯಲ್ಲಿ ಸಿಗುವ ಕೆಂಪು, ಹಳದಿ ಉಂಡೆಯ 'ಮೂನ್ ಕ್ಯಾಕ್ಟಸ್' ನೋಡಿ. ಉಂಡೆಯಲ್ಲಿ ಹಸಿರೇ ಇಲ್ಲ, ತಾನಾಗಿ ಬದುಕದು. ಅದಕ್ಕೆ ಉಣಿಸುವುದು ಕೆಳಗಿನ ಮೂರು ಮೂಲೆಯ ಹಸಿರು ಕಾಂಡ, ಡ್ರ್ಯಾಗನ್ ಫ್ರೂಟ್‌ನ ಬಳಗ. ಎರಡನ್ನೂ ಅಡ್ಡಕ್ಕೆ ಕೊಯ್ದು, ಮಧ್ಯದ ನಾಳಗಳ ಉಂಗುರ ಒಂದಕ್ಕೊಂದು ತಾಗುವಂತೆ ಕೂರಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಗಾತ್ರ ಹೊಂದದಿದ್ದರೆ ಉಂಡೆಯನ್ನು ಕೊಂಚ ಪಕ್ಕಕ್ಕೆ ಸರಿಸಿಯಾದರೂ ಉಂಗುರಗಳನ್ನು ತಾಗಿಸಲೇಬೇಕು.