ದೊಖುವಿನ ವಂಶಾವಳಿ

ಜಪಾನಿ ಭಾಷೆಯಲ್ಲಿ 'ತಾಕು' ಎಂದರೆ ಮನೆ. ಅದಕ್ಕೆ ಗೌರವದ 'ಒ' ಹಚ್ಚಿದರೆ 'ಒತಾಕು', ತಮ್ಮ ಮನೆ. ಎದುರಿಗಿರುವವರನ್ನು ನೇರವಾಗಿ ನೀವು ಎನ್ನಲೂ ಸಂಕೋಚವಾದಾಗ ಅವರ ಮನೆಯನ್ನು ಮಾತಾಡಿಸಿ ಪಾರಾಗುವ ಉಪಾಯ ಇದು. ನಮಗೇನೂ ಹೊಸದಲ್ಲ. ಗಂಡನ ಹೆಸರು ಹೇಳಲಾರದೆ 'ನಮ್ಮ ಮನೆಯವರು' ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೊರಿಯಾದ ಗಂಡಸರೂ ಹೆಂಡತಿಯನ್ನು 'ಜಿಪ್‌ಸಾರಮ್' ಎನ್ನುತ್ತಾರೆ. ಜಿಪ್ ಮನೆ, ಸಾರಮ್ ಮನುಷ್ಯ. 1980ರ ದಶಕದ ಆರಂಭದಲ್ಲಿ ಟೋಕಿಯೊದ ಕಾಮಿಕ್ಸ್ ಮೇಳಗಳಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರು ಒಬ್ಬರಿಗೊಬ್ಬರು 'ಒತಾಕು' ಎಂದುಕೊಳ್ಳುತ್ತಿದ್ದರು. ಕಾಲೇಜಿನ ಹುಡುಗ ಇನ್ನೊಬ್ಬ ಕಾಲೇಜಿನ ಹುಡುಗನಿಗೆ 'ತಾವು' ಎಂದಂತೆ. ನಕಮೊರಿ ಅಕಿಯೊ ಎಂಬ ಅಂಕಣಕಾರ 1983ರಲ್ಲಿ ಇದನ್ನೇ ಹಿಡಿದು ಗೇಲಿ ಮಾಡಿದ. ಸರ್ವನಾಮ ನಾಮಪದವಾಯಿತು. 1989ರಲ್ಲಿ ಪುಟ್ಟ ಹುಡುಗಿಯರನ್ನು ಕೊಂದವನೊಬ್ಬ ಸಿಕ್ಕಿಬಿದ್ದು, ಅವನ ಕೋಣೆಯಲ್ಲಿದ್ದ ವಿಡಿಯೊ ಕ್ಯಾಸೆಟ್ಟಿನ ರಾಶಿಯನ್ನು ಊರೆಲ್ಲ ನೋಡಿದ ಮೇಲೆ ಆ ನಾಮಪದಕ್ಕೆ ಮಸಿ ಹತ್ತಿತು.

ಕೊರಿಯಾಕ್ಕೆ ಅದು ಬಂದದ್ದು ಕಳ್ಳದಾರಿಯಲ್ಲಿ. ಜಪಾನಿನ ಆಳ್ವಿಕೆಯನ್ನು ಮರೆಯದ ಆ ದೇಶ ಜಪಾನಿನ ಸಿನಿಮಾ, ಕಾಮಿಕ್ಸ್‌ಗಳಿಗೆ ಅಧಿಕೃತವಾಗಿ ಬಾಗಿಲು ತೆರೆಯತೊಡಗಿದ್ದೇ 1998ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ನಕಲು ಕ್ಯಾಸೆಟ್ಟುಗಳ ಜೊತೆ ಪದವೂ ಒಳಗೆ ಬಂದಾಗಿತ್ತು. ಆಮೇಲೆ ಇಂಟರ್‌ನೆಟ್ಟಿನ ತುಂಟರು ಅದನ್ನು ತಿರುಚಿ 'ಓ ದೊಖು' ಮಾಡಿದರು. ಓ ಎಂಬುದು ಕೊರಿಯಾದಲ್ಲಿ ಒಂದು ಮನೆತನದ ಹೆಸರು. ದೊಖು ಎಂದರೆ ಯಾರೋ ಹಳೇಕಾಲದ ಗಂಡಸಿನ ಹೆಸರಿನ ಹಾಗೆ ಕೇಳುತ್ತದೆ. ಹೀಗೆ ಜಪಾನಿನ ಬೈಗುಳಕ್ಕೆ ಕೊರಿಯಾದಲ್ಲಿ ನಾಮಕರಣವಾಯಿತು. ಕೊನೆಗೆ ಮನೆತನವೂ ಉದುರಿ ಬರೀ ದೊಖು ಉಳಿಯಿತು. (ನಮ್ಮ ಲಿಪಿಯಲ್ಲಿ ಇದು ಸರಿಯಾಗಿ ಕೂರುವುದಿಲ್ಲ. ಆ ಮೊದಲ ಸ್ವರ ನಮ್ಮ ಅ ಮತ್ತು ಒಗಳ ನಡುವೆ ಎಲ್ಲೋ ಇದೆ.)

ಇನ್ನೂ ಮೊಟಕಾಗಿ 'ದೊಕ್' ಆದಾಗ ಅದಕ್ಕೆ ಅದೃಷ್ಟ ಖುಲಾಯಿಸಿತು. ಏಕೆಂದರೆ ಕೊರಿಯನ್ನಿನಲ್ಲಿ ದೊಕ್ ಎಂಬ ಘನವಾದ ಪದ ಮೊದಲೇ ಇತ್ತು. ಚೀನೀ ಮೂಲದ್ದು, ಸದ್ಗುಣ ಎಂದು ಅರ್ಥ. ನಾವು 'ನಿಮ್ಮ ಪುಣ್ಯದಿಂದ' ಎನ್ನುವ ಕಡೆ ಅವರು ನಿಮ್ಮ ದೊಕ್‌ನಿಂದ ಎನ್ನುತ್ತಾರೆ. ಕನ್‌ಫ್ಯೂಷಿಯಸ್ ಪಂಥದ ವಿದ್ವಾಂಸರು 'ಮಹಾಕಲಿಕೆ' ಎಂಬ ತಮ್ಮ ಗ್ರಂಥವನ್ನು ಸದ್ಗುಣ ಪ್ರವೇಶದ ಬಾಗಿಲು ಎಂದು ಶತಮಾನಗಳ ಕಾಲ ಹೊಗಳಿದರು. ಆ ಪ್ರವೇಶಕ್ಕೆ ಅವರು ಬಳಸಿದ ಪದ 'ಇಪ್‌ದೊಕ್'. ಈಗಿನ ಹುಡುಗಿ ಇಪ್‌ದೊಕ್ ಎಂದರೆ ಯಾವುದೋ ಗಾಯಕನ ಹುಚ್ಚು ಹಿಡಿದ ದಿನ. ಬಿಟ್ಟುಬಿಟ್ಟರೆ 'ಥಾಲ್‌ದೊಕ್', ನಡುವೆ ವಿಶ್ರಾಂತಿ ತೆಗೆದುಕೊಂಡರೆ 'ಹ್ಯುದೊಕ್'. ಹ್ಯುದೊಕ್ ಉಂಟು, ಥಾಲ್‌ದೊಕ್ ಎಂಬುದಿಲ್ಲ ಎಂದು ಅವರಲ್ಲೊಂದು ಗಾದೆಯೇ ಇದೆ. ಯೋಚನೆಯೇ ಇಲ್ಲದೆ ದಾರಿಯಲ್ಲಿ ಹೋಗುತ್ತಿದ್ದವರು ಧಡಕ್ಕನೆ ಹುಚ್ಚಿಗೆ ಬಿದ್ದರೆ ರಸ್ತೆ ಅಪಘಾತದ ಪದವನ್ನೇ ತಿರುಚಿ 'ದೊಕ್‌ಥೊಂಗ್ ಸಾಗೊ' ಎನ್ನುತ್ತಾರೆ. ಗಾಡಿ ಯಾವುದು, ಗುದ್ದಿದ್ದು ಎಲ್ಲಿ ಎಂದು ಉಳಿದವರು ವಿಚಾರಿಸುತ್ತಾರೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು 'ದೊಕ್‌ಗ್ಯೆಮೊತ್'. ಮೂರು ಪದಗಳ ಮೊದಲಕ್ಷರ ಸೇರಿಸಿ ಕಟ್ಟಿದ್ದು. ನಡುವಿನ 'ಗ್ಯೆ' ಎಂದರೆ ಬೇರೇನಲ್ಲ, ನಮ್ಮ ಚೀಟಿ. ಓಣಿಯ ಹೆಂಗಸರು ತಿಂಗಳಿಗಿಷ್ಟು ಎಂದು ಹಾಕಿ ಸರದಿಯಂತೆ ಎತ್ತುವ ಅದೇ ಚೀಟಿ. ಯಾರಿಗಾದರೂ ಅನಿರೀಕ್ಷಿತ ಭಾಗ್ಯ ಒಲಿದರೆ ಕೊರಿಯನ್ನಿನಲ್ಲಿ 'ಗ್ಯೆ ಎತ್ತಿದ' ಎನ್ನುತ್ತಾರೆ. ದೊಖುವಿಗೆ ಮಾತ್ರ ಚೀಟಿ ಏಳುವುದಿಲ್ಲ ಎನ್ನುವುದು ದೊಕ್‌ಗ್ಯೆಮೊತ್. ವರ್ಷಗಟ್ಟಲೆ ನಟನೊಬ್ಬನನ್ನು ಕಾಯುವವಳಿಗೆ ಅವನು ಕಾಣುವುದಿಲ್ಲ. ಅವನ ಹೆಸರೂ ಗೊತ್ತಿಲ್ಲದ ಅವಳ ದೊಡ್ಡಮ್ಮ ತರಕಾರಿ ಅಂಗಡಿಯಲ್ಲಿ ಅವನ ಪಕ್ಕವೇ ನಿಂತು ಮೂಲಂಗಿ ಆರಿಸಿ ಬಂದಿರುತ್ತಾಳೆ. ಅರಸೀಕೆರೆಯ ಅಂಗಡಿಬೀದಿಯಲ್ಲಿ ಚೀಟಿ ಮುಳುಗಿದ ಕತೆಗಳನ್ನು ಕೇಳುತ್ತ ಬೆಳೆದ ನನಗೆ ಈ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ದೊಖು ಮಾಡುವ ಕೆಲಸಕ್ಕೆ 'ದೊಕ್‌ಚಿಲ್' ಎನ್ನುತ್ತಾರೆ. ಈ 'ಚಿಲ್' ಬಾಲ ನಮ್ಮ 'ಗಿರಿ'ಗೆ ಹತ್ತಿರ. ಕಳ್ಳತನಕ್ಕೂ ಜಗಳಕ್ಕೂ ಅಂಟುತ್ತದೆ, ಒಳ್ಳೆಯ ಉದ್ಯೋಗಕ್ಕೆ ಅಂಟಿಸಿದರೆ ಅವಮಾನ. ಹಾಗೆಂದು ಹಲ್ಲುಜ್ಜುವುದಕ್ಕೂ ಹೊಲಿಗೆಗೂ ಅದೇ ಬಾಲ. ಇನ್ನು ದೊಕ್‌ನ ಹಿಂದೆ ಏನನ್ನು ಬೇಕಾದರೂ ಅಂಟಿಸಬಹುದು. ಸೇನೆ, ಟ್ಯಾಂಕುಗಳ ಹುಚ್ಚಿನವನು ಮಿಲ್‌ದೊಕ್, ಇತಿಹಾಸದವನು ಯೊಕ್‌ದೊಕ್, ರೈಲಿನವನು ಛೊಲ್‌ದೊಕ್. ನಾನು ಈ ಕೊನೆಯ ಜಾತಿ.

ಕೊರಿಯಾದ ಸುವೊನ್ ನಗರದಲ್ಲಿ ನನಗೆ ನೌಕರಿ. ಬೆಂಗಳೂರಿನಿಂದ ಬಂದ ಎಂಜಿನಿಯರುಗಳು ಅಲ್ಲಿ ಬೇಕಾದಷ್ಟು ಮಂದಿ. ರಜೆಯ ದಿನ ಅವರೆಲ್ಲ ಅರಮನೆ, ಕಡಲತೀರ ಎಂದು ಹೊರಟರೆ ನಾನು 1ನೇ ಲೈನು ಹಿಡಿದು ಕುಮ್‌ಜೊಂಗ್‌ನಲ್ಲಿ ಇಳಿದು, ಎದುರು ಪ್ಲಾಟ್‌ಫಾರಂನಲ್ಲಿ ನಿಂತ 4ನೇ ಲೈನು ಹತ್ತುತ್ತೇನೆ. ಗುರಿ ಸೊನ್‌ಬಾವಿ ಮತ್ತು ನಾಮ್‌ಥೆರ್ಯೊಂಗ್ ನಿಲ್ದಾಣಗಳ ನಡುವಿನ ಸುರಂಗ. ಕೊರಿಯಾದ ಮುಖ್ಯ ರೈಲ್ವೆ ಜಪಾನಿನವರು ಹಾಕಿಕೊಟ್ಟ ರೂಢಿಯಂತೆ ಎಡಬದಿಯಲ್ಲಿ ಓಡುತ್ತದೆ. ಸೋಲ್ ನಗರದ ಮೆಟ್ರೊ, ರೈಲ್ವೆಯ ಜೊತೆ ಹೆಣೆದುಕೊಂಡ 1ನೇ ಲೈನನ್ನು ಬಿಟ್ಟು, ಬಲಬದಿಯದು. ವಿದ್ಯುತ್ತೂ ಬೇರೆ: ರೈಲ್ವೆಯದು 25,000 ವೋಲ್ಟ್ ಎ.ಸಿ., ಮೆಟ್ರೊದ್ದು 1,500 ವೋಲ್ಟ್ ಡಿ.ಸಿ. ಈ ಎರಡು ಸಂಸಾರಗಳೂ 4ನೇ ಲೈನಿನಲ್ಲಿ ಬೀಗರಾಗಿವೆ. ಹಾಗಾಗಿ ಆ ಒಂದೇ ಸುರಂಗದೊಳಗೆ ಹೋಗುವ ಹಳಿ, ಬರುವ ಹಳಿ ಒಂದರ ಮೇಲೊಂದು ದಾಟಿ ಪಕ್ಕ ಬದಲಿಸುತ್ತವೆ. ಅಲ್ಲೇ ವಿದ್ಯುತ್ತೂ ಬದಲಾಗಬೇಕು. ನಡುವೆ ಕರೆಂಟೇ ಇಲ್ಲದ ನ್ಯೂಟ್ರಲ್ ಸೆಕ್ಷನ್. ಗಾಡಿ ತನ್ನ ವೇಗದ ಮೇಲೇ ಜಾರುತ್ತದೆ, ಮೋಟಾರಿನ ಸದ್ದು ನಿಲ್ಲುತ್ತದೆ, ಹಳೆಯ ಗಾಡಿಯಾದರೆ ಅರ್ಧ ದೀಪಗಳು ಆರುತ್ತವೆ. ಮೊಬೈಲಿನಿಂದ ಯಾರೂ ತಲೆ ಎತ್ತುವುದಿಲ್ಲ. ಛೊಲ್‌ದೊಕ್‌ಗಳು ಈ ಜಾಗವನ್ನು 'ಕ್ವಾಬೆಗಿ ಸುರಂಗ' ಎನ್ನುತ್ತಾರೆ. ಕ್ವಾಬೆಗಿ ಎಂದರೆ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು ಕರಿದು ಸಕ್ಕರೆಯಲ್ಲಿ ಹೊರಳಿಸಿದ ತಿಂಡಿ.

ಈಗ ಸೋಮವಾರದ ಸಂಕಟ. ಕೊರಿಯಾದ ಕಚೇರಿಯಲ್ಲಿ ವಾರ ಶುರುವಾಗುವುದೇ 'ವಾರಾಂತ್ಯ ಏನು ಮಾಡಿದಿರಿ' ಎಂಬ ಪ್ರಶ್ನೆಯಿಂದ. ಸುರಂಗದಲ್ಲಿ ದೀಪ ಆರುವುದನ್ನು ನೋಡಲು ಹೋಗಿದ್ದೆ ಎಂದರೆ ಏನಾಗುತ್ತದೆ? ಸ್ಥಳೀಯ ದೊಖುಗಳು ಇದಕ್ಕೆ 'ಇಲ್ಖೊ' ಎಂಬ ಉಪಾಯ ಇಟ್ಟುಕೊಂಡಿದ್ದಾರೆ: ಸಾಮಾನ್ಯ ಮನುಷ್ಯನ ವೇಷ. ಬೆಟ್ಟ ಹತ್ತಲು ಹೋಗಿದ್ದೆ ಎಂದುಬಿಡುವುದು. ಆ ದೇಶದಲ್ಲಿ ಬೆಟ್ಟ ಹತ್ತಿದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ವಿದೇಶಿಗೆ ಆ ವೇಷವೂ ಬೇಕಿಲ್ಲ, ಅದೇ ತೊಂದರೆ. ಕೊರಿಯಾದಲ್ಲಿ ನೆಲೆಸಿದ ಹೊರಗಿನವರು ಈಗ 25 ಲಕ್ಷ ದಾಟಿದ್ದಾರೆ. ಎಲ್ಲರಿಗೂ ಒಂದೇ ಹೆಸರು, 'ವೇಗುಗಿನ್', ಹೊರದೇಶದ ಮನುಷ್ಯ. ಬೈಗುಳವಲ್ಲ. ನಮ್ಮ 'ಪರದೇಶಿ'ಗಿಂತ ಎಷ್ಟೋ ವಾಸಿ. ನಾವು ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೇ ಅರ್ಥ ಮಾಡಿಕೊಂಡುಬಿಟ್ಟಿದ್ದೇವೆ. ಆದರೆ ವೇಗುಗಿನ್‌ನ ಖಯಾಲಿ ಅವನ ಸ್ವಂತದ್ದಾಗುವುದಿಲ್ಲ, ದೇಶದ ಖಾತೆಗೆ ಜಮಾ ಆಗುತ್ತದೆ. ನಾನು ಒಮ್ಮೆ ಸುರಂಗದ ಸತ್ಯ ಹೇಳಿದೆ. 'ಓ, ಭಾರತದಲ್ಲಿ ಎಲ್ಲರಿಗೂ ರೈಲು ಎಂದರೆ ಇಷ್ಟವೇ?' ಎಂದು ಸಹೋದ್ಯೋಗಿ ತುಂಬ ಸೌಜನ್ಯದಿಂದ ಕೇಳಿದರು. 140 ಕೋಟಿ ಜನರ ಪರವಾಗಿ ಏನು ಉತ್ತರ ಕೊಡಲಿ? ವಿದೇಶಿಗೆ ಅವರು ಮಂಜೂರು ಮಾಡಿರುವ ಹುಚ್ಚು ಒಂದೇ, ಅದು ಕೊರಿಯಾದ ಹುಚ್ಚು. ಯಾವ ತಂಡದ ಹಾಡು ಕೇಳಿ ಬಂದಿರಿ, ಯಾವ ಧಾರಾವಾಹಿ ನೋಡಿ ಬಂದಿರಿ ಎಂದು ಕೇಳುತ್ತಾರೆ. ಎರಡೂ ಇಲ್ಲವೆಂದರೆ ಅವರ ಮುಖದಲ್ಲಿ ಕಾಣುವ ಸಣ್ಣ ನಿರಾಸೆಗೆ ನನಗೇ ಪಾಪ ಎನಿಸುತ್ತದೆ.

ನನ್ನ ತಿಕ್ಕಲು ನನ್ನದೇ ಎಂದು ಒಪ್ಪಿದವರು ಛೊಲ್‌ದೊಕ್‌ಗಳು. ಅವರ ಕೂಟದ ನಿಯಮ ಸರಳ, ಆದರೆ ಕೊರಿಯಾದಂಥ ಸಮಾಜದಲ್ಲಿ ಸಣ್ಣ ಕ್ರಾಂತಿ. ಆ ಸಮಾಜದಲ್ಲಿ ಇಬ್ಬರು ಪರಿಚಯವಾದರೆ ಮೊದಲು ಹುಟ್ಟಿದ ವರ್ಷ ಕೇಳಬೇಕು. ಯಾರು ಅಣ್ಣ, ಯಾರು ತಮ್ಮ ಎಂದು ತೀರ್ಮಾನವಾಗದೆ ಕ್ರಿಯಾಪದದ ಕೊನೆಯೇ ಸಿಗುವುದಿಲ್ಲ. ಹವ್ಯಾಸದ ಕೂಟಗಳಲ್ಲಿ ಮಾತ್ರ ಎಲ್ಲರೂ ತಮಗೆ ತಾವೇ ಇಟ್ಟುಕೊಂಡ ಅಡ್ಡಹೆಸರಿಗೆ 'ನಿಮ್' ಸೇರಿಸಿ ಕರೆಯುತ್ತಾರೆ. ನಿಮ್ ಎಂದರೆ ನಮ್ಮ 'ಅವರು'. ನಿವೃತ್ತ ಹಿರಿಯರು ಹೈಸ್ಕೂಲು ಹುಡುಗನಿಗೆ ನಿಮ್ ಎನ್ನುತ್ತಾರೆ, ಏಕೆಂದರೆ ಬೋಗಿಗಳ ನಂಬರಿನ ಲೆಕ್ಕ ಆ ಹುಡುಗನಿಗೇ ಬಾಯಿಪಾಠ. ನಾನು ಅಲ್ಲಿ 'ಅರಸೀಕೆರೆ ನಿಮ್'. ಊರು ಯಾವುದು ಎಂದು ಯಾರೂ ಕೇಳಲಿಲ್ಲ. ಜಂಕ್ಷನ್ನೇ ಎಂದು ಕೇಳಿದರು. ಹೌದು, ಹುಬ್ಬಳ್ಳಿ ಮತ್ತು ಹಾಸನದ ದಾರಿಗಳು ಕವಲೊಡೆಯುವುದು ಅಲ್ಲೇ ಎಂದೆ. ಟೋಕಿಯೊದ ಹುಡುಗರು ಒತಾಕು ಎಂದಾಗ ಬಯಸಿದ್ದೂ ಇದೇ ಇರಬೇಕು: ಅಪ್ಪ ಯಾರು, ಸಂಬಳ ಎಷ್ಟು ಎಂದು ಕೆದಕದೆ, ತಾವು ತಂದ ಸರಕು ತೋರಿಸಿ ಎನ್ನುವ ದೂರದ ಮರ್ಯಾದೆ. ಪೇಟೆಯಲ್ಲಿ ಕೆಟ್ಟ ಪದದ ಹಳೆಯ ಕಸುಬನ್ನು ಕೊರಿಯಾದಲ್ಲಿ ನಿಮ್ ಮುಂದುವರಿಸಿದೆ. (ಕೂಟ ಮುಗಿದ ಮೇಲಿನ ಕೋಳಿ-ಬಿಯರಿನ ಪಂಕ್ತಿಯಲ್ಲಿ ಸಸ್ಯಾಹಾರಿಗೆ ಸಿಗುವುದು ಕರಿದ ಆಲೂಗಡ್ಡೆ; ಬಿಲ್ಲು ಮಾತ್ರ ಎಲ್ಲರಿಗೂ ಸಮಪಾಲು.)

ದೊಖು ಎಂಬ ಪದಕ್ಕೆ ಮಾನ ಮರಳಿದ್ದು ಹೇಗೆ ಎಂಬ ಕತೆ ನನಗೆ ಅಷ್ಟು ಹಿಡಿಸುವುದಿಲ್ಲ. 2015ರಲ್ಲಿ ಎಂ.ಬಿ.ಸಿ. ವಾಹಿನಿ ದೊಖುಗಳನ್ನು ಸ್ಟುಡಿಯೊಕ್ಕೆ ಕರೆದು ಪರೀಕ್ಷಿಸುವ ಕಾರ್ಯಕ್ರಮ ಶುರುಮಾಡಿತು. ಅದರ ಹೆಸರಿನ ಅರ್ಥ 'ಸಮರ್ಥರು'. ಆಮೇಲೆ ಹುಚ್ಚನ್ನೇ ಉದ್ಯೋಗ ಮಾಡಿಕೊಂಡವನಿಗೆ 'ದೊಗೊಪ್ ಇಲ್ಛಿ' ಎಂಬ ಬಿರುದು ಬಂತು, ನಾಲ್ಕಕ್ಷರದ ಚೀನೀ ಸೂಕ್ತಿಯ ಗತ್ತಿನಲ್ಲಿ. ಕಂಪನಿಗಳು ದೊಖುಗಳ ಜೇಬನ್ನೂ ಕಂಡುಕೊಂಡವು. ಅಂತೂ ಹುಚ್ಚು ಕ್ಷಮ್ಯವಾಗಬೇಕಾದರೆ ಅದರಿಂದ ಏನಾದರೂ ಗಿಟ್ಟಬೇಕು ಎಂದಾಯಿತು. ಸುರಂಗದಲ್ಲಿ ದೀಪ ಆರುವುದರಿಂದ ಏನೂ ಗಿಟ್ಟುವುದಿಲ್ಲ, ಅದೇ ಅದರ ಸೊಗಸು.

ಗೆದ್ದ ದೊಖುವಿಗೆ, ಅಂದರೆ ತನ್ನ ತಾರೆಯ ಕಣ್ಣಿಗೆ ಬಿದ್ದವಳಿಗೆ 'ಸೊಂಗ್‌ದೊಕ್' ಎನ್ನುತ್ತಾರೆ. 2021ರ ಬುಸಾನ್ ಚಿತ್ರೋತ್ಸವದಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ತೆರೆಕಂಡಿತು. ನಿರ್ದೇಶಕಿ ಓ ಸೆಯೊನ್. (ಮನೆತನ ನೋಡಿ, ಓ!) ಶಾಲಾದಿನಗಳಲ್ಲಿ ಗಾಯಕನೊಬ್ಬನ ಅಭಿಮಾನಿಯಾಗಿ ಟಿ.ವಿ.ಯಲ್ಲಿ ಕಾಣಿಸಿಕೊಂಡವಳು, ಅವನು ಲೈಂಗಿಕ ಅಪರಾಧದಲ್ಲಿ ಜೈಲು ಸೇರಿದಾಗ, ತನ್ನಂತೆಯೇ ಮೋಸಹೋದ ಹುಡುಗಿಯರನ್ನು ಹುಡುಕಿಕೊಂಡು ಹೊರಟಳು. ನಮ್ಮಲ್ಲಿ ರಾಜಕುಮಾರ್ ಅಭಿಮಾನಿಗಳನ್ನೇ ದೇವರೆಂದರು. ಆದರೆ ಅಭಿಮಾನಿಗೆ ಎದುರಿಗೊಬ್ಬ ಮನುಷ್ಯ ಬೇಕು, ಆ ಮನುಷ್ಯ ಎಡವಬಹುದು. ರೈಲಿನ ಅಭಿಮಾನಿ ಎಂದರೆ ಕನ್ನಡದಲ್ಲಿ ನಗೆ ಬರುತ್ತದೆ. ನಮ್ಮಲ್ಲಿ ಗೀಳು ಇದೆ, ಶೋಕಿ ಇದೆ, ಖಯಾಲಿ ಇದೆ. ಹವ್ಯಾಸಿ ಎಂಬುದನ್ನು ನಾಟಕದವರು ಮೊದಲೇ ಹಿಡಿದಿಟ್ಟಿದ್ದಾರೆ. ಹಳಿ ಹುಚ್ಚಿನವನಿಗೆ ಒಂದು ಕುರ್ಚಿ ಹಾಕಿ ಕೂರಿಸುವ ಪದ ಇಲ್ಲ.

ಮೊನ್ನೆ ರಜೆಯ ಮೇಲೆ ಬೆಂಗಳೂರಿಗೆ ಬಂದಾಗ ಮೆಟ್ರೊ ಪ್ಲಾಟ್‌ಫಾರಂನ ಫೋಟೊ ಒಂದನ್ನು ಛೊಲ್‌ದೊಕ್‌ಗಳ ಗುಂಪಿಗೆ ಕಳಿಸಿದೆ. ಕೊರಿಯಾದಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ, ಮಲಗುವ ಹೊತ್ತು. ಹವೆ ಹೇಗಿದೆ, ಅಮ್ಮ ಹೇಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ.

'ಅರಸೀಕೆರೆ ನಿಮ್, ಮೇಲೆ ತಂತಿ ಇಲ್ಲ. ಮೂರನೇ ಹಳಿಯೇ? ಎಷ್ಟು ವೋಲ್ಟ್?'

'750, ಡಿ.ಸಿ.'

'ಗೇಜು?'

'1,435.'

'ಭಾರತೀಯ ರೈಲ್ವೆಯದು 1,676 ಅಲ್ಲವೇ? ಹಾಗಾದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದೇ ಇಲ್ಲ!'

ಓಡುವುದಿಲ್ಲ ಎಂದೆ. ಇಂಥ ನಿರ್ಧಾರ ಯಾರು ಮಾಡಿದರು ಎಂದು ಹೈಸ್ಕೂಲು ಹುಡುಗ ಸಿಟ್ಟಾದ. ನಿವೃತ್ತ ಹಿರಿಯರು ಅವನಿಗೆ ನಿಮ್ ಹಚ್ಚಿಯೇ ಸಮಾಧಾನ ಹೇಳತೊಡಗಿದರು. ಅಲ್ಲಿ ನಡುರಾತ್ರಿ ದಾಟಿತು, ಗೇಜಿನ ವಾದ ಮುಗಿದಿರಲಿಲ್ಲ.