ಹಳಿಯಿಲ್ಲದ ಟ್ರಾಮು: ಜಮಖಂಡಿ ಪರಿಸರದ ಕಬ್ಬಿನ ಸಾಗಣೆ ಮತ್ತು ದಾರಿಯ ಎಚ್ಚರ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ಬೀದಿಗಳಲ್ಲಿ ಟ್ರಾಮು ಎಂದೂ ಓಡಲಿಲ್ಲ. ಆದರೆ ತಟ್ಟನೆ ನಿಲ್ಲಲಾರದ, ಪಕ್ಕಕ್ಕೆ ಸರಿಯಲಾರದ ಉದ್ದನೆಯ ವಾಹನದೊಡನೆ ದಾರಿಹೋಕರು ಹೇಗೆ ಬಾಳಬೇಕೆಂಬ ಪ್ರಶ್ನೆಯನ್ನು ಟ್ರಾಮು ನಗರಗಳ ಮುಂದಿಟ್ಟಿತ್ತು. ಅದೇ ಪ್ರಶ್ನೆ ಈ ಭಾಗದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರಿನ ರೂಪದಲ್ಲಿ ಎದುರಾಗಿದೆ. ಅದರ ಹಿನ್ನೆಲೆಯನ್ನು ಜನಪದರ ಸಂಚಾರ ಪದ್ಧತಿಯ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಈ ಭಾಗದ ರಾಜಧಾನಿಯಾಗಿದ್ದ ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು ಆರಂಭವಾದವು. 1964ರ ಮಾರ್ಚ್ 31ರಂದು ಅಲ್ಲಿನ ಟ್ರಾಮು ಸಂಚಾರ ಕೊನೆಗೊಂಡಿತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಆದ್ದರಿಂದ ಟ್ರಾಮು ನಿಲ್ಲಲು ಹೆಚ್ಚು ದೂರ ಬೇಕು. ಬಂಗಾಳಿ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಟ್ರಾಮು ಬಡಿದು ಗಾಯಗೊಂಡು ತೀರಿಕೊಂಡರು. ಅಪಾಯ ಇಷ್ಟಿದ್ದರೂ ಟ್ರಾಮು ತನ್ನ ಇರವನ್ನು ಮುಚ್ಚಿಡುತ್ತಿರಲಿಲ್ಲ. ಹಳಿಯೇ ಅದರ ಎಲ್ಲೆಯನ್ನು ತೋರುತ್ತಿತ್ತು. ಚಾಲಕ ಕಾಲಿನಿಂದ ಒತ್ತುವ ಗಂಟೆ ಅದರ ಬರವನ್ನು ಸಾರುತ್ತಿತ್ತು.

ಎತ್ತಿನ ಗಾಡಿಯ ಪರಂಪರೆಯಲ್ಲಿಯೂ ಇಂಥದೇ ವ್ಯವಸ್ಥೆಯಿತ್ತು. ಎತ್ತಿನ ಕೊರಳ ಗೆಜ್ಜೆಸರ, ಗಂಟೆಗಳು ಕೇವಲ ಅಲಂಕಾರವಲ್ಲ. ಕತ್ತಲೆಯಲ್ಲಿ ಎದುರಿನವರಿಗೆ ಅವು ಗಾಡಿಯ ಸುಳಿವು. ರಾತ್ರಿ ಗಾಡಿಯ ಕೆಳಗೆ ತೂಗುವ ಕಂದೀಲು ಹಿಂದಿನಿಂದ ಬರುವವರಿಗೂ ಕಾಣುತ್ತಿತ್ತು. ಗಾಡಿ ಹೊಡೆಯುವವನು ನಿದ್ದೆಗೆ ಜಾರಿದರೂ ಎತ್ತು ದಾರಿ ಬಲ್ಲದಾಗಿತ್ತು. ಎಚ್ಚರಿಸುವ ಹೊಣೆ ಮೊದಲು ಗಾಡಿಯದು, ಸರಿದು ನಿಲ್ಲುವ ಹೊಣೆ ಅನಂತರ ದಾರಿಹೋಕನದು ಎಂಬುದು ಈ ಪದ್ಧತಿಯ ತಿರುಳು.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿ ಈ ಚಿತ್ರವನ್ನು ಬದಲಿಸಿತು. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಚಿಕ್ಕಪಡಸಲಗಿಯ ಬಳಿ ಸ್ವಂತ ಶ್ರಮದಿಂದ ಬ್ಯಾರೇಜು ಕಟ್ಟಿದ್ದು ಈ ಬದಲಾವಣೆಯ ಮುಖ್ಯ ಘಟ್ಟ. ಕಬ್ಬು ಹಬ್ಬಿತು, ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಬಾಡಗಂಡಿ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳು ನೆಲೆಗೊಂಡವು. ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳೂ ಊರ ನಡುವೆ ಸಾಗತೊಡಗಿದವು.

ಇದನ್ನು ಹಳಿಯಿಲ್ಲದ ಟ್ರಾಮು ಎನ್ನಬಹುದು. ಸಾಮಾನ್ಯವಾಗಿ ಟ್ರೇಲರಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಹಿಂದಿನ ಭಾರವೆಲ್ಲ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ತಿರುವಿನಲ್ಲಿ ಹಿಂದಿನ ಟ್ರೇಲರು ಒಳಮಗ್ಗುಲಿಗೆ ಸರಿಯುವುದರಿಂದ ಅಲ್ಲಿ ನಿಂತವರು ಸಿಕ್ಕಿಬೀಳುತ್ತಾರೆ. ಹೊರಚಾಚಿದ ಕಬ್ಬು ದೀಪಗಳನ್ನು ಮರೆಮಾಡುತ್ತದೆ. ದೊಡ್ಡ ಸದ್ದಿನ ಹಾಡು ಚಾಲಕನ ಕಿವಿಯನ್ನೇ ಮುಚ್ಚುತ್ತದೆ. ಹೇರಿನ ಮೇಲೆ ಕುಳಿತು ಸಾಗುವ ಕಟಾವಿನ ಕುಟುಂಬಗಳ ಮಕ್ಕಳು ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ.

ಜನಪದರು ಇಲ್ಲಿಯೂ ತಮ್ಮದೇ ಸಂಕೇತಗಳನ್ನು ರೂಢಿಸಿಕೊಂಡಿದ್ದಾರೆ. ಕೆಟ್ಟು ನಿಂತ ಟ್ರೇಲರಿನ ಹಿಂದೆ ಹಸಿರು ಟೊಂಗೆ ಮತ್ತು ಕಲ್ಲುಗಳನ್ನಿಡುವುದು ಅಂಥ ಒಂದು ರೂಢಿ. ಆದರೆ ಟೊಂಗೆ ಹಗಲಿನ ಸಂಕೇತ. ಇರುಳಿನಲ್ಲಿ ಅದು ಮಾತನಾಡದು. ವಾಹನ ಹೊರಟ ಮೇಲೆ ಉಳಿದ ಕಲ್ಲುಗಳೇ ಬೈಕ್ ಸವಾರನನ್ನು ಕೆಡಹುತ್ತವೆ. 1988ರ ಮೋಟಾರು ವಾಹನ ಕಾಯಿದೆ ಹಾಗೂ 1989ರ ಕೇಂದ್ರ ನಿಯಮಗಳು ಕೇಳುವ ಹಿಂಬದಿಯ ಕೆಂಪು ಪ್ರತಿಫಲಕ ಹಳೆಯ ಕಂದೀಲಿನ ಮುಂದುವರಿಕೆಯೇ ಆಗಿದೆ. ಅದನ್ನು ಕೇವಲ ದಂಡದ ಭಯವೆಂದು ಕಾಣುವುದು ತನ್ನ ಪರಂಪರೆಯನ್ನೇ ಮರೆತಂತೆ.

ಆಯುಧಪೂಜೆಯಂದು ಟ್ರ್ಯಾಕ್ಟರಿಗೆ ಕುಂಕುಮವಿಟ್ಟು, ಹೂಮಾಲೆ ಹಾಕುವ ಸಮುದಾಯ ಇದು. ಹಂಗಾಮು ಹತ್ತಿರವಾಗುವ ಆ ದಿನವೇ ಟ್ರೇಲರಿಗೊಂದು ಪ್ರತಿಫಲಕವನ್ನೂ ಅಂಟಿಸಿದರೆ ಆಚರಣೆಗೆ ಅದರ ಹಳೆಯ ಅರ್ಥ ಮರಳಿ ದೊರೆಯುತ್ತದೆ. ದಾರಿಹೋಕರಿಗೆ ಬುದ್ಧಿ ಹೇಳುವ ಮೊದಲು ವಾಹನ ತನ್ನ ಇರವನ್ನು ಸಾರಬೇಕೆಂಬುದು ಎತ್ತಿನ ಗಂಟೆ ಮತ್ತು ಟ್ರಾಮಿನ ಗಂಟೆ ಎರಡೂ ಹೇಳುವ ಮಾತಾಗಿದೆ.