ಮನೆ ಯಾರ ಮಾತು ಕೇಳುತ್ತದೆ?

ನಮ್ಮ ಮಾಳಿಗೆಯ ಮೇಲಿನ ನೀರಿನ ತೊಟ್ಟಿ ತುಂಬಿ ಹರಿದಾಗಲೆಲ್ಲ ಪಕ್ಕದ ಮನೆಯವರು ಕೂಗಿ ಹೇಳುತ್ತಿದ್ದರು. ಮೋಟಾರು ಹಾಕಿ ಪತ್ರಿಕೆ ಹಿಡಿದು ಕುಳಿತರೆ, ಸಂಪಾದಕೀಯ ಮುಗಿಯುವಷ್ಟರಲ್ಲಿ ಆ ಕೂಗು ಬರುವುದು ನಿಶ್ಚಯವಾಗಿತ್ತು. ಕೊನೆಗೆ ಬೇಸತ್ತು ಮಿಸ್ತ್ರಿಯನ್ನು ಕರೆಸಿದೆ. ಆತ ತೊಟ್ಟಿಯೊಳಗೆ ತೇಲುವ ಒಂದು ಪ್ಲಾಸ್ಟಿಕ್ ಬುರುಡೆಯನ್ನು ಇಳಿಬಿಟ್ಟು, ಅದರ ತಂತಿಯನ್ನು ಮೋಟಾರಿನ ಸ್ಟಾರ್ಟರಿಗೆ ಸೇರಿಸಿ, "ಇನ್ನು ಇದೇ ನೋಡ್ಕೊಳ್ಳತ್ತೆ ಸಾರ್, ನೀವು ಪೇಪರ್ ಓದಿ" ಎಂದು ಹೇಳಿ ಹೋದ. ಅಂದಿನಿಂದ ಪಕ್ಕದವರ ಕೂಗು ನಿಂತಿತು. ಅವರಿಗೂ ನಮಗೂ ಇದ್ದ ಏಕೈಕ ಮಾತುಕತೆಯೂ ಅದರೊಡನೆ ನಿಂತಿತೆಂಬುದು ಬೇರೆ ವಿಷಯ.

ಈಗ ಎಲ್ಲಿ ನೋಡಿದರೂ 'ಸ್ಮಾರ್ಟ್ ಹೋಮ್' ಎಂಬ ಜಾಹೀರಾತು. ದೀಪ, ಫ್ಯಾನು, ಬಾಗಿಲ ಬೀಗ, ಎಲ್ಲವೂ ಮಾತು ಕೇಳುತ್ತವಂತೆ. ಬೆಲೆ ಕೇಳಿದರೆ ನಮ್ಮಂಥ ಪಿಂಚಣಿದಾರರು ಮಾತು ನಿಲ್ಲಿಸಬೇಕು. ಆದರೆ ತಾನಾಗಿ ನಡೆಯುವ ಮನೆಯ ಕಥೆ ಹಣವಂತರ ಅಂಗಳದಲ್ಲಿ ಹುಟ್ಟಿದ್ದಲ್ಲ. ಅದರ ಮೂಲಪುರುಷ ನಮ್ಮ ತೊಟ್ಟಿಯ ಆ ಬುರುಡೆಯೇ.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕ್ಟೆಸಿಬಿಯಸ್ ಎಂಬಾತನಿದ್ದ. ನೀರಿನ ಗಡಿಯಾರ ಸರಿಯಾಗಿ ನಡೆಯಬೇಕಾದರೆ ಅದಕ್ಕೆ ನೀರು ಒಂದೇ ಸಮನೆ ಹರಿಯಬೇಕು. ಪಾತ್ರೆಯಲ್ಲಿ ನೀರು ಏರಿದಂತೆಲ್ಲ ತಾನೂ ತೇಲಿ ಬಂದು ಒಳಹರಿವನ್ನು ತಡೆಯುವ, ನೀರು ಇಳಿದರೆ ತಾನೂ ಇಳಿದು ದಾರಿ ಬಿಡುವ ಒಂದು ತುಂಡನ್ನು ಆತ ಅದರಲ್ಲಿಟ್ಟ. ಕಾವಲಿಗೆ ಮನುಷ್ಯ ಬೇಕಾಗಲಿಲ್ಲ. 9ನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ಇಂಥ ಉಪಾಯಗಳಿಂದಲೇ ಬಗೆಬಗೆಯ ಯಂತ್ರಗಳನ್ನು ಮಾಡಿದರು. 17ನೆಯ ಶತಮಾನದಲ್ಲಿ ಡ್ರೆಬೆಲ್ ಎಂಬ ಡಚ್ಚನು ಕೋಳಿಮೊಟ್ಟೆ ಮರಿಮಾಡುವ ಪೆಟ್ಟಿಗೆಯ ಕಾವನ್ನು ಹದದಲ್ಲಿಡಲು ಪಾದರಸವನ್ನು ಕಾವಲಿಗಿಟ್ಟ.

ಅಲ್ಲಿಂದ ಮುಂದೆ ನನಗೆ ಪ್ರಿಯನಾದವನು ಅಮೆರಿಕದ ವಿಸ್ಕಾನ್‌ಸಿನ್ ಸೀಮೆಯ ಒಬ್ಬ ಮೇಷ್ಟ್ರು, ವಾರನ್ ಜಾನ್ಸನ್. ಆತ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಚಳಿಗಾಲ ಬಂತೆಂದರೆ ಜವಾನನು ತರಗತಿಗಳ ಬಾಗಿಲು ತೆರೆದು ಉಷ್ಣಮಾಪಕವನ್ನು ನೋಡಿ, ನೆಲಮಾಳಿಗೆಗೆ ಇಳಿದು ಕಾವನ್ನು ಏರಿಸಬೇಕು, ಇಲ್ಲವೆ ಇಳಿಸಬೇಕು. ಪ್ರತಿ ಸಲವೂ ಪಾಠಕ್ಕೆ ಭಂಗ. ಜಾನ್ಸನ್ ಮೇಷ್ಟ್ರು 1883ರಲ್ಲಿ ಪೇಟೆಂಟು ಪಡೆದ ಉಪಕರಣವು ಕೋಣೆಯ ಹವೆಯನ್ನು ತಾನೇ ಅಳೆದು ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು. ಜವಾನನ ಕೆಲಸ ಹೋಗಲಿಲ್ಲ, ಓಡಾಟ ಮಾತ್ರ ತಪ್ಪಿತು. ಇಂದಿನ 'ಆಟೊಮೇಷನ್' ಪಂಡಿತರಲ್ಲಿ ಇಷ್ಟು ಸೌಜನ್ಯ ಕಾಣೆ.

ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂದುದನ್ನು ಎಲ್ಲರೂ ಬಲ್ಲರು. ಎಣ್ಣೆಯ ದೀಪ ಹಚ್ಚಬೇಕಾದರೆ ಅದರ ಹತ್ತಿರ ಹೋಗಲೇಬೇಕು. ವಿದ್ಯುತ್ತು ಬಂದ ಮೇಲೆ ದೀಪ ಸೂರಿನಲ್ಲಿ, ಗುಂಡಿ ಗೋಡೆಯಲ್ಲಿ. ದೀಪಕ್ಕೂ ಕೈಗೂ ನಡುವೆ ದೂರವೆಂಬುದು ಹುಟ್ಟಿದ್ದು ಹೀಗೆ. ಆ ದೂರ ಮುಂದೆ ಎಷ್ಟು ಬೆಳೆಯಿತೆಂಬುದನ್ನು ಈಗ ಹೇಳುತ್ತೇನೆ.

1966ರಲ್ಲಿ ಪಿಟ್ಸ್‌ಬರ್ಗಿನ ಜಿಮ್ ಸದರ್ಲೆಂಡ್ ಎಂಬ ಇಂಜಿನಿಯರು ತನ್ನ ಮನೆಯಲ್ಲಿ 'ಎಕೊ ನಾಲ್ಕು' ಎಂಬ ಗಣಕಯಂತ್ರವನ್ನು ಕಟ್ಟಿ ನಿಲ್ಲಿಸಿದ. ಬಿಡಿಭಾಗಗಳೆಲ್ಲ ತಾನು ಕೆಲಸಮಾಡುತ್ತಿದ್ದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಬಳಕೆಗೆ ಹೆಚ್ಚಾಗಿ ಉಳಿದವು. ತೂಕ ಸುಮಾರು 800 ಪೌಂಡು. ಮನೆಯ ಗಡಿಯಾರಗಳನ್ನು ನಡೆಸುವುದು, ಹವೆಯನ್ನು ಹದದಲ್ಲಿಡುವುದು, ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಇಡುವುದು, ಇಂಥವು ಅದರ ಕೆಲಸ. ಮನೆಯ ಯಜಮಾನಿತಿಗೆ ಅದು ಎಷ್ಟು ಸ್ಥಳ ಬಿಟ್ಟಿತೋ ನಾನರಿಯೆ. ಅಂತೂ ಸುಮಾರು ಹತ್ತು ವರ್ಷ ನಡೆಯಿತು. ಮೂರು ವರ್ಷಗಳ ಅನಂತರ, 1969ರಲ್ಲಿ, ನೀಮನ್ ಮಾರ್ಕಸ್ ಎಂಬ ಶ್ರೀಮಂತ ಅಂಗಡಿಯು ಹನಿವೆಲ್ ಕಂಪನಿಯ 'ಅಡಿಗೆಮನೆ ಗಣಕಯಂತ್ರ'ವನ್ನು ಹತ್ತು ಸಾವಿರ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟಕ್ಕಿಟ್ಟಿತು. ಅಡಿಗೆಯ ವಿಧಾನ ತಿಳಿಯಲು ಗೃಹಿಣಿ ಎರಡು ವಾರ ತರಬೇತು ಪಡೆಯಬೇಕಾಗಿತ್ತು. ಒಂದಾದರೂ ಬಿಕರಿಯಾಯಿತೆಂಬುದಕ್ಕೆ ದಾಖಲೆಯಿಲ್ಲ.

ಬಡವರ ಕೈಗೆ ಎಟಕುವ ಮೊದಲ ಉಪಾಯ 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ರೋಥ್ಸ್ ಊರಿನ ಪೀಕೊ ಕಂಪನಿಯಿಂದ ಬಂತು. ಅದರ ಹೆಸರು 'ಎಕ್ಸ್ ಟೆನ್'. ಹೊಸ ತಂತಿ ಎಳೆಯುವ ಖರ್ಚೇ ಇಲ್ಲ. ಮನೆಯಲ್ಲಿರುವ ವಿದ್ಯುತ್ ತಂತಿಯ ಮೇಲೆಯೇ ಆಜ್ಞೆಗಳೂ ಸವಾರಿಮಾಡುತ್ತವೆ. ಒಂದು ತೊಡಕೆಂದರೆ ಆ ತಂತಿ ಪಕ್ಕದ ಮನೆಗೂ ಹೋಗಿರುತ್ತದೆ. ಇಬ್ಬರೂ ಒಂದೇ ಸಂಕೇತಾಕ್ಷರವನ್ನು ಆರಿಸಿಕೊಂಡಿದ್ದರೆ ಇಲ್ಲಿ ಒತ್ತಿದ ಗುಂಡಿಗೆ ಅಲ್ಲಿನ ದೀಪ ಹೊತ್ತಿಕೊಳ್ಳಬಹುದಿತ್ತು.

ಆಮೇಲೆ ಬಂದದ್ದು ಇಂಟರ್‌ನೆಟ್ಟು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಒಂದು ಚಿಪ್ಪು ಪೇಟೆಗೆ ಬಂತು: ಉಗುರಿನಷ್ಟು ಗಾತ್ರ, ವೈಫೈ ಮಾತನಾಡಬಲ್ಲುದು, ಬೆಲೆ ಕೆಲವೇ ಡಾಲರು. ವಿವರಣೆಯೆಲ್ಲ ಚೀನೀ ಭಾಷೆಯಲ್ಲಿದ್ದರೂ ದೇಶದೇಶದ ಹವ್ಯಾಸಿಗಳು ಅದನ್ನು ಬಿಡಿಸಿ ಓದಿದರು. ಅಗ್ಗದ 'ಸ್ಮಾರ್ಟ್' ಬಲ್ಬುಗಳ ಮಹಾಪೂರ ಬಂದುದು ಅದರ ಬೆನ್ನಿಗೆ.

ಅಂಥ ಒಂದು ಬಲ್ಬನ್ನು ನಾನೂ ತಂದೆ. ನನ್ನ ತಾಯಿಗೆ ಎಂಬತ್ತು ದಾಟಿದೆ. ರಾತ್ರಿ ಎರಡು ಮೂರು ಬಾರಿ ಏಳುತ್ತಾರೆ. ಬಚ್ಚಲಿಗೆ ಹೋಗುವ ಓಣಿಯಲ್ಲಿ ಬಲ್ಬು, ಅದರಿಂದ ಎಂಟು ಅಡಿ ದೂರದಲ್ಲಿ ನಡೆದವರನ್ನು ಗುರುತಿಸುವ ಪುಟ್ಟ ಪೆಟ್ಟಿಗೆ. ಗೋಡೆಯ ಸ್ವಿಚ್ಚು ಆರಿಸಿದರೆ ಈ ಬಲ್ಬಿಗೆ ಪ್ರಾಣವೇ ಹೋಗುತ್ತದಾದ್ದರಿಂದ, ಯಾರೂ ಮುಟ್ಟದಂತೆ ಸ್ವಿಚ್ಚಿಗೆ ಟೇಪು ಸುತ್ತಿದೆ. ಎರಡು ತಿಂಗಳು ಸೊಗಸಾಗಿ ನಡೆಯಿತು. ಕಳೆದ ಮಳೆಗಾಲದ ಒಂದು ರಾತ್ರಿ ಇಂಟರ್‌ನೆಟ್ಟು ಕಡಿದುಹೋಯಿತು. ಕರೆಂಟು ಇತ್ತು, ಬಲ್ಬೂ ಚೆನ್ನಾಗಿತ್ತು. ಆದರೆ ಎಂಟು ಅಡಿಯ ಆ ಸುದ್ದಿ ನಮ್ಮ ಓಣಿಯಲ್ಲಿ ನೇರ ಹೋಗುತ್ತಿರಲಿಲ್ಲ. ಕಡಲಾಚೆಯ ಯಾವುದೋ ಕಂಪನಿಯ ಯಂತ್ರಕ್ಕೆ ಹೋಗಿ, ಅಪ್ಪಣೆ ಪಡೆದು ಬರಬೇಕಾಗಿತ್ತು. ಅಮ್ಮ ಕತ್ತಲಲ್ಲಿ ಎಡವಿ ಬಿದ್ದರು. ಮಣಿಕಟ್ಟಿಗೆ ಆರು ವಾರ ಕಟ್ಟು. ಆಸ್ಪತ್ರೆಯಿಂದ ಬರುವಾಗ ಅವರು ಕೇಳಿದ್ದು ಒಂದೇ ಮಾತು: "ಸ್ವಿಚ್ಚು ಇತ್ತಲ್ಲೋ, ಅದಕ್ಕೆ ಯಾಕೆ ಟೇಪು ಸುತ್ತಿದೆ?"

ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸುತ್ತ ಹೋದಾಗ ನನಗಿಂತ ಮೊದಲೇ ಕೆಟ್ಟವರ ಚರಿತ್ರೆ ತಿಳಿಯಿತು. ರಿವಾಲ್ವ್ ಎಂಬ ಮುನ್ನೂರು ಡಾಲರಿನ ನಿಯಂತ್ರಕವನ್ನು ಕೊಂಡವರಿದ್ದರು. 2014ರಲ್ಲಿ ಗೂಗಲ್ಲಿಗೆ ಸೇರಿದ ನೆಸ್ಟ್ ಕಂಪನಿ ಅದನ್ನು ಕೊಂಡುಕೊಂಡು, 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿಬಿಟ್ಟಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ನಿರುಪಯೋಗವಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿ ಮುನ್ಸೂಚನೆಯನ್ನೂ ಕೊಡದೆ ತನ್ನ ಯಂತ್ರಗಳನ್ನು ಆರಿಸಿತು. ಮುಂದೆ ಅದನ್ನು ಉಳಿಸಿಕೊಳ್ಳಲು ಅದರ ಗಿರಾಕಿಗಳೇ ಕೆಲವರು ಸೇರಿ ಕೊಂಡುಕೊಳ್ಳಬೇಕಾಯಿತು. ಈ ಅಪಾಯವನ್ನು ಅರಿತವರೂ ಇದ್ದರು. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ 'ಹೋಮ್ ಅಸಿಸ್ಟೆಂಟ್' ಎಂಬ ಉಚಿತ ತಂತ್ರಾಂಶವು ಮನೆಯೊಳಗಿನ ಒಂದು ಸಣ್ಣ ಗಣಕದಲ್ಲೇ ನಡೆಯುತ್ತದೆ. ಅಪ್ಪಣೆ ಹೊಸಿಲು ದಾಟಬೇಕಾಗಿಲ್ಲ.

ನಮಗೆ ಅಷ್ಟೂ ಬೇಕಾಗಲಿಲ್ಲ. ಅಣ್ಣನ ಮಗ ಒಂದು ಭಾನುವಾರ ಬಂದು, "ಚಿಕ್ಕಪ್ಪ, ಒಂದು ಓಣಿಗೆ ಇಂಟರ್‌ನೆಟ್ಟು ಯಾಕೆ?" ಎಂದ. ಮೈಯ ಶಾಖದ ಚಲನೆಯನ್ನು ಗುರುತಿಸುವ ಒಂದು ಸೆನ್ಸರು, ಸಾಮಾನ್ಯ ಎಲ್.ಇ.ಡಿ. ಬಲ್ಬು, ಅವುಗಳ ನಡುವೆ ನೇರ ತಂತಿ. ಸೆನ್ಸರಿಗೆ ನ್ಯೂಟ್ರಲ್ ತಂತಿಯೂ ಬೇಕು. ನಮ್ಮ ಓಣಿಯ ಹಳೆಯ ಸ್ವಿಚ್ ಬೋರ್ಡಿನಲ್ಲಿ ಅದು ಇರಲಿಲ್ಲ. ಮನೆಯ ಕರೆಂಟಿನೊಡನೆ ಆಟವಾಡಬಾರದೆಂದು ತೊಟ್ಟಿಯ ಮಿಸ್ತ್ರಿಯನ್ನೇ ಕರೆಸಿ, ದೀಪದ ಬಳಿಯಿಂದ ಅದನ್ನು ಎಳೆಸಿದೆವು. ಸಾಮಾನು, ಕೂಲಿ ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಗೋಡೆಯ ಸ್ವಿಚ್ಚನ್ನು ಸೆನ್ಸರಿಗೆ ಜೊತೆಯಾಗಿ ಸೇರಿಸಿದ್ದರಿಂದ ಅದರಿಂದಲೂ ದೀಪ ಹೊತ್ತುತ್ತದೆ. ಟೇಪನ್ನು ಅಮ್ಮನೇ ಎಡಗೈಯಿಂದ ಕಿತ್ತರು.

ಈಗ ಅವರು ಓಣಿಗೆ ಕಾಲಿಟ್ಟೊಡನೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೂ ಅವರು ಗೋಡೆ ತಡವಿ ಸ್ವಿಚ್ಚು ಹಾಕಿಯೇ ಮುಂದೆ ಹೋಗುತ್ತಾರೆ. ಬೆಳಗಾಗುವವರೆಗೆ ಅದು ಉರಿಯುತ್ತಲೇ ಇರುತ್ತದೆ. ಹಾಲಿಗೆಂದು ಎದ್ದಾಗ ನಾನು ಆರಿಸುತ್ತೇನೆ.